ಕಂಪವೂ ಕರ್ತೃತ್ವವೂ

ಮನುಷ್ಯನು ಮಾಡಿದ ಕೆಲಸಕ್ಕೆ ಅವನೇ ಹೊಣೆಯೆಂಬುದು ಧರ್ಮಶಾಸ್ತ್ರಕ್ಕೂ ಲೋಕವ್ಯವಹಾರಕ್ಕೂ ಸಮಾನವಾದ ಆಧಾರವಾಗಿರುವುದಷ್ಟೆ. ಸ್ವತಂತ್ರನಾದವನೇ ಕರ್ತೃವೆಂದು ಪಾಣಿನಿಯು ಲಕ್ಷಣವನ್ನು ಹೇಳಿದ್ದಾನೆ. ಮಾಡುವುದಕ್ಕೂ, ಮಾಡದಿರುವುದಕ್ಕೂ, ಬೇರೊಂದು ವಿಧವಾಗಿ ಮಾಡುವುದಕ್ಕೂ ಶಕ್ತನಾದವನಿಗೆ ಮಾತ್ರವೇ ವಿಧಿನಿಷೇಧಗಳು ಅನ್ವಯಿಸುವುವೆಂದು ವೇದಾಂತಿಗಳು ವಿವರಿಸಿದ್ದಾರೆ. ಕೈ ನಡುಗಿ ಹಾಲಿನ ಬಟ್ಟಲನ್ನು ಚೆಲ್ಲಿದ ಮುದುಕನನ್ನು ಮನೆಯಲ್ಲಿ ಯಾರೂ ಗದರಿಸುವುದಿಲ್ಲ. ಸಿಟ್ಟಿನಿಂದ ಅದೇ ಬಟ್ಟಲನ್ನು ಎಸೆದವನನ್ನು ಗದರಿಸದೆ ಬಿಡುವುದಿಲ್ಲ. ಚೆಲ್ಲಿದ ಹಾಲು ಎರಡು ಕಡೆಯೂ ಒಂದೇ, ಭೇದವಿರುವುದು ಸ್ವಾತಂತ್ರ್ಯದಲ್ಲಿ. ಇಷ್ಟು ಸ್ಪಷ್ಟವಾಗಿ ತೋರುವ ಈ ಭೇದವನ್ನೇ ಪುನಃ ವಿಚಾರಕ್ಕೆ ಗುರಿಮಾಡುವ ಚಿಕಿತ್ಸೆಯೊಂದು ಕಳೆದ ನಾಲ್ಕು ದಶಕಗಳಲ್ಲಿ ಬಳಕೆಗೆ ಬಂದಿದೆ. ಮಿದುಳಿನ ಆಳದಲ್ಲಿ ಸಣ್ಣ ತಂತಿಯನ್ನು ನೆಲೆಗೊಳಿಸಿ, ಅದರ ಮೂಲಕ ವಿದ್ಯುತ್ತನ್ನು ಹರಿಸಿ, ಕಂಪವನ್ನೂ ಜಡತೆಯನ್ನೂ ಹಿಡಿತಕ್ಕೆ ತರುವುದೇ ಆ ಚಿಕಿತ್ಸೆ.

ಚಿಕಿತ್ಸೆಯ ಸ್ವರೂಪವನ್ನು ತಿಳಿಯದೆ ಪ್ರಶ್ನೆಯ ಸ್ವರೂಪವು ತಿಳಿಯಲಾರದು. ಆದುದರಿಂದ ಮೊದಲು ರೋಗವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕಾಗಿದೆ. ಚರಕಸಂಹಿತೆಯಲ್ಲಿ ಎಣಿಸಲ್ಪಟ್ಟಿರುವ ಎಂಬತ್ತು ವಾತವಿಕಾರಗಳಲ್ಲಿ ವೇಪಥು ಎಂಬುದೂ ಒಂದು. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯನು ೧೮೧೭ರಲ್ಲಿ ಆರು ಮಂದಿಯ ಸ್ಥಿತಿಯನ್ನು ವರ್ಣಿಸಿ ಈ ಜಾತಿಯ ರೋಗವೊಂದನ್ನು ಕುರಿತು ಪುಸ್ತಿಕೆಯನ್ನು ಬರೆದನು. ಆ ಆರು ಮಂದಿಯಲ್ಲಿ ಕೆಲವರನ್ನು ಅವನು ಬೀದಿಯಲ್ಲಿ ಮಾತ್ರವೇ ಕಂಡಿದ್ದನು. ಕೈಕಾಲುಗಳ ನಡುಕ, ಅಂಗಗಳ ಬಿಗುಪು, ಚಲನೆಯ ಮಾಂದ್ಯ, ಮುಂದಕ್ಕೆ ಬಾಗಿ ಪುಟ್ಟ ಹೆಜ್ಜೆಗಳಿಂದ ಓಡುವಂತಹ ನಡಿಗೆ—ಇವು ಅದರ ಲಕ್ಷಣಗಳು. ಮುಂದೆ ಆ ರೋಗಕ್ಕೆ ಅವನ ಹೆಸರೇ ನಿಂತಿತು. ಈ ರೋಗದಲ್ಲಿ ಇಂದ್ರಿಯಗಳಿಗೂ ಬುದ್ಧಿಗೂ ಹಾನಿಯಿಲ್ಲವೆಂದು ಅವನು ಭಾವಿಸಿದ್ದನು. ಅದು ಪೂರ್ಣವಾಗಿ ಸರಿಯಲ್ಲವೆಂದು ಮುಂದೆ ತಿಳಿದುಬಂದಿತು. ವಿಷಾದವೂ, ಉತ್ಸಾಹಹೀನತೆಯೂ, ಕೆಲವರಲ್ಲಿ ಬುದ್ಧಿಮಾಂದ್ಯವೂ ಈ ರೋಗದ ಅಂಗಗಳೇ ಆಗಿವೆ. ದೇಹದ ರೋಗ ಬೇರೆ, ಮನಸ್ಸಿನ ರೋಗ ಬೇರೆ ಎಂಬ ಎಣಿಕೆಯು ಇಲ್ಲಿ ಪ್ರಾರಂಭದಲ್ಲಿಯೇ ಸಡಿಲವಾಗುವುದನ್ನು ವಾಚಕರು ಗಮನಿಸಬೇಕು.

ಮಿದುಳಿನ ಬುಡದಲ್ಲಿ ಕಪ್ಪು ಬಣ್ಣದ ಒಂದು ಸಣ್ಣ ಭಾಗವುಂಟು. ಅಲ್ಲಿಯ ಕಣಗಳು ಡೋಪಮಿನ್ ಎಂಬ ದ್ರವ್ಯವನ್ನು ತಯಾರಿಸಿ ಚಲನೆಯನ್ನು ಆಳುವ ಇತರ ಭಾಗಗಳಿಗೆ ಒದಗಿಸುವುವು. ಆ ಕಣಗಳು ನಶಿಸಿದರೆ ಈ ರೋಗವು ತಲೆದೋರುವುದು. ಡೋಪಮಿನ್ನಿನ ಮಹತ್ತ್ವವನ್ನು ೧೯೫೭ರ ಸುಮಾರಿನಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ನರು ತೋರಿಸಿಕೊಟ್ಟರು. ೧೯೬೭ರಲ್ಲಿ ಜಾರ್ಜ್ ಕೋಟ್ಸಿಯಾಸ್ ಎಂಬ ವೈದ್ಯರು ಲೆವೊಡೋಪವೆಂಬ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು, ಹಾಸಿಗೆ ಹಿಡಿದವರು ಎದ್ದು ನಡೆಯುವಂತೆ ಮಾಡಿದರು. ನಮ್ಮ ಹಿತ್ತಿಲ ಬೇಲಿಗಳಲ್ಲಿ ಬೆಳೆಯುವ, ಮೈಗೆ ತಾಗಿದರೆ ತುರಿಕೆಯನ್ನುಂಟುಮಾಡುವ ನಸುಗುನ್ನಿಯ ಬೀಜದಲ್ಲಿ ಈ ದ್ರವ್ಯವೇ ಇದೆ. ೧೯೩೭ರಲ್ಲಿ ಮದರಾಸಿನ ಇಬ್ಬರು ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದರು. ಆಯುರ್ವೇದದಲ್ಲಿ ಕಪಿಕಚ್ಛು, ಆತ್ಮಗುಪ್ತಾ ಎಂಬ ಹೆಸರುಗಳಿಂದ ಪ್ರಸಿದ್ಧವಾದ ಮೂಲಿಕೆಯೇ ಇದು. ಆದರೆ ಔಷಧಕ್ಕೂ ಮಿತಿಯುಂಟು. ಕೆಲವು ವರ್ಷಗಳು ಕಳೆದ ಮೇಲೆ ಅದರ ಪ್ರಭಾವವು ಏರಿಳಿಯಲು ತೊಡಗುವುದು. ಗುಳಿಗೆಯ ಬಲವಿರುವಾಗ ಅಂಗಗಳು ಇಚ್ಛೆಯಿಲ್ಲದೆಯೇ ತಿರುಚಿ ಕುಣಿಯುವುವು, ಬಲವಿಳಿದಾಗ ಮರದಂತೆ ಬಿಗಿಯುವುವು.

ಈ ಘಟ್ಟದಲ್ಲಿಯೇ ಶಸ್ತ್ರಚಿಕಿತ್ಸೆಯ ಪ್ರಸಕ್ತಿ ಬರುವುದು. ಮಿದುಳಿನ ಒಂದು ಚಿಕ್ಕ ಭಾಗವನ್ನು ಸುಟ್ಟು ಕಂಪವನ್ನು ನಿಲ್ಲಿಸುವ ಕ್ರಮವು ಲೆವೊಡೋಪಕ್ಕಿಂತ ಮೊದಲೇ ಇದ್ದಿತು. ಅದು ಈಗಲೂ ಇಲ್ಲದಿಲ್ಲ. ೨೦೧೭ರಲ್ಲಿ ಬೆಂಗಳೂರಿನಲ್ಲಿ ಗಿಟಾರ್ ವಾದಕನೊಬ್ಬನು ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ವಾದ್ಯವನ್ನು ನುಡಿಸುತ್ತ, ಬಿಗಿದಿದ್ದ ತನ್ನ ಬೆರಳುಗಳು ಸಡಿಲವಾದುದನ್ನು ವೈದ್ಯರಿಗೆ ತಿಳಿಸಿದ ಸಂಗತಿಯು ಪತ್ರಿಕೆಗಳಲ್ಲಿ ಬಂದಿದ್ದಿತು. ಆದರೆ ಸುಟ್ಟುದನ್ನು ಮತ್ತೆ ಚಿಗುರಿಸಲಾಗದು. ಫ್ರಾನ್ಸಿನ ಗ್ರೆನೋಬಲ್ ನಗರದ ಆಲಿಂ ಲೂಯಿ ಬೆನಬಿಡ್ ಎಂಬ ಶಸ್ತ್ರವೈದ್ಯರು, ಸುಡುವುದಕ್ಕೆ ಮೊದಲು ಸ್ಥಾನವನ್ನು ಪರೀಕ್ಷಿಸಲು ವಿದ್ಯುತ್ತನ್ನು ಹರಿಸುತ್ತಿದ್ದಾಗ, ಸೆಕೆಂಡಿಗೆ ಸುಮಾರು ೧೦೦ ಮಿಡಿತಗಳ ವೇಗದಲ್ಲಿ ಹರಿಸಿದರೆ ಸುಡದೆಯೇ ಕಂಪವು ನಿಲ್ಲುವುದೆಂಬುದನ್ನು ಕಂಡರು. ಇದು ೧೯೮೭ರ ಮಾತು. ೧೯೯೦ರಲ್ಲಿ ಅಮೆರಿಕದ ಮಹ್ಲಾನ್ ಡಿಲಾಂಗ್ ಮತ್ತು ಅವರ ಸಹೋದ್ಯೋಗಿಗಳು ಮಿದುಳಿನ ಸಬ್‌ಥಲಾಮಿಕ್ ಗ್ರಂಥಿಯೇ ಈ ರೋಗದ ತೊಡಕಿನ ಗಂಟೆಂದು ಕೋತಿಗಳಲ್ಲಿ ಪರೀಕ್ಷಿಸಿ ತೋರಿಸಿದರು. ೧೯೯೩ರಲ್ಲಿ ಗ್ರೆನೋಬಲಿನಲ್ಲಿ ಮನುಷ್ಯನ ಆ ಭಾಗಕ್ಕೇ ತಂತಿಯನ್ನು ಇರಿಸಲಾಯಿತು. ಈ ಇಬ್ಬರಿಗೂ ೨೦೧೪ರಲ್ಲಿ ಲಾಸ್ಕರ್ ಪಾರಿತೋಷಕವು ಸಂದಿತು. ಈಗ ಲೋಕದಲ್ಲಿ ಒಂದು ಲಕ್ಷಕ್ಕೂ ಮೀರಿದ ಜನರು ಈ ಚಿಕಿತ್ಸೆಯನ್ನು ಪಡೆದಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಇದು ನಡೆಯುತ್ತಿದೆ.

ಕ್ರಮವು ಸ್ಥೂಲವಾಗಿ ಹೀಗಿದೆ. ರೋಗಿಯ ತಲೆಗೆ ಅಳತೆಯ ಚೌಕಟ್ಟೊಂದನ್ನು ಬಿಗಿದು, ಮಿದುಳಿನ ಚಿತ್ರವನ್ನು ತೆಗೆದು, ಗುರಿಯ ಸ್ಥಾನವನ್ನು ಗಣಿತದಿಂದ ನಿಶ್ಚಯಿಸುವರು. ತಲೆಬುರುಡೆಯಲ್ಲಿ ಚಿಕ್ಕ ರಂಧ್ರವನ್ನು ಮಾಡಿ, ಸುಮಾರು ಒಂದು ಸೆಂಟಿಮೀಟರಿನಷ್ಟೇ ಉದ್ದವಿರುವ ಆ ಗ್ರಂಥಿಗೆ ತಂತಿಯನ್ನು ಮುಟ್ಟಿಸುವರು. ಅನೇಕ ವೇಳೆ ರೋಗಿಯು ಎಚ್ಚರವಾಗಿಯೇ ಇರುವನು. ಕೈಯನ್ನು ಎತ್ತು ಎಂದರೆ ಎತ್ತುವನು, ಮಾತನಾಡು ಎಂದರೆ ಮಾತನಾಡುವನು. ಎದೆಯ ಮೇಲ್ಭಾಗದಲ್ಲಿ ಚರ್ಮದ ಕೆಳಗೆ ಬ್ಯಾಟರಿಯುಳ್ಳ ಯಂತ್ರವನ್ನು ಹುದುಗಿಸಿ, ಕತ್ತಿನೊಳಗಿಂದ ಹಾದುಹೋಗುವ ತಂತಿಯಿಂದ ಎರಡನ್ನೂ ಕೂಡಿಸುವರು. ಆ ಮೇಲೆ ವಿದ್ಯುತ್ತಿನ ಪ್ರಮಾಣವನ್ನು ಹೊರಗಿನಿಂದಲೇ ಹೆಚ್ಚುಕಡಮೆ ಮಾಡಬಹುದು; ನಿಲ್ಲಿಸಲೂಬಹುದು. ರೋಗವು ಇದರಿಂದ ವಾಸಿಯಾಗುವುದಿಲ್ಲ, ಅದರ ಮುನ್ನಡೆಯೂ ನಿಲ್ಲುವುದಿಲ್ಲ. ಅದರ ಉಪದ್ರವವು ತಗ್ಗುವುದು. ಜರ್ಮನಿ ಮತ್ತು ಫ್ರಾನ್ಸುಗಳಲ್ಲಿ ೨೫೧ ಮಂದಿ ರೋಗಿಗಳಲ್ಲಿ ನಡೆದು ೨೦೧೩ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎರಡು ವರ್ಷಗಳ ಕೊನೆಗೆ, ಈ ಚಿಕಿತ್ಸೆಯನ್ನು ಪಡೆದವರ ಜೀವನಸೌಖ್ಯವು ಸರಾಸರಿ ಶೇಕಡ ೨೬ರಷ್ಟು ಉತ್ತಮಗೊಂಡಿತ್ತು; ಔಷಧವನ್ನು ಮಾತ್ರವೇ ಸೇವಿಸಿದವರಲ್ಲಿ ಏನೂ ಉತ್ತಮಗೊಂಡಿರಲಿಲ್ಲ.

ಇಷ್ಟೇ ಆಗಿದ್ದರೆ ಸಂತೋಷಪಟ್ಟು ಸುಮ್ಮನಿರಬಹುದಾಗಿದ್ದಿತು. ಆದರೆ ಆ ಚಿಕ್ಕ ಗ್ರಂಥಿಯಲ್ಲಿ ಚಲನೆಯನ್ನು ಆಳುವ ಭಾಗದ ಮಗ್ಗುಲಲ್ಲಿಯೇ ಭಾವವನ್ನೂ ಬಯಕೆಯನ್ನೂ ಆಳುವ ಭಾಗಗಳಿವೆ. ಗೋಡೆಯಿಲ್ಲದ ಒಂದೇ ಮನೆಯಲ್ಲಿ ಮೂರು ಸಂಸಾರಗಳು ವಾಸಿಸುವಂತೆ ಅವುಗಳ ಸ್ಥಿತಿ. ೧೯೯೯ರಲ್ಲಿ ಪ್ಯಾರಿಸ್ಸಿನ ವೈದ್ಯರು ಒಂದು ಪ್ರಸಂಗವನ್ನು ವರದಿಮಾಡಿದರು. ಅರುವತ್ತೈದು ವರ್ಷದ ಒಬ್ಬ ಸ್ತ್ರೀಗೆ, ಉಪಶಮನವನ್ನು ಕೊಡುವ ಸ್ಥಾನಕ್ಕಿಂತ ಎರಡು ಮಿಲಿಮೀಟರುಗಳಷ್ಟು ಕೆಳಗೆ ವಿದ್ಯುತ್ತನ್ನು ಹರಿಸಿದಾಗ, ಆಕೆಯು ಒಮ್ಮೆಗೇ ದುಃಖದಲ್ಲಿ ಮುಳುಗಿ ಅತ್ತು, ಬದುಕೇ ಬೇಡವೆಂಬ ಸ್ಥಿತಿಗೆ ಬಂದಳು. ವಿದ್ಯುತ್ತನ್ನು ನಿಲ್ಲಿಸಿದ ತೊಂಬತ್ತು ಸೆಕೆಂಡುಗಳೊಳಗಾಗಿ ಆ ದುಃಖವೆಲ್ಲವೂ ಮಾಯವಾಯಿತು. ಮಗನನ್ನು ಕಳೆದುಕೊಂಡ ತಾಯಿಯ ದುಃಖಕ್ಕೆ ವಿಷಯವಿದೆ. ಈ ದುಃಖಕ್ಕೆ ವಿಷಯವೇ ಇರಲಿಲ್ಲ. ಎರಡು ಮಿಲಿಮೀಟರುಗಳೆಂದರೆ ಒಂದು ಸಾಸಿವೆಯ ಕಾಳಿನಷ್ಟು ಅಂತರ!

ಇದರ ವಿಪರ್ಯಾಯವೂ ಉಂಟು. ಕೆಲವರಲ್ಲಿ ವಿದ್ಯುತ್ತು ಅತಿಯಾದ ಉಲ್ಲಾಸವನ್ನೂ, ತಾಳ್ಮೆಯಿಲ್ಲದ ಸಾಹಸಬುದ್ಧಿಯನ್ನೂ ಉಂಟುಮಾಡುವುದು. ಹಾಲೆಂಡಿನ ವೈದ್ಯರು ೨೦೦೪ರಲ್ಲಿ ಪ್ರಕಟಿಸಿದ ಪ್ರಸಂಗವು ಧರ್ಮಜಿಜ್ಞಾಸುಗಳಿಗೆ ಅತ್ಯಂತ ಮನನೀಯವಾದುದು. ಅರುವತ್ತೆರಡು ವರ್ಷದ ಒಬ್ಬ ಗೃಹಸ್ಥನು ಈ ಚಿಕಿತ್ಸೆಯಿಂದ ನಡೆದಾಡುವಂತಾದನು. ಆದರೆ ಅದರೊಡನೆ ಉನ್ಮಾದವೂ ಬಂದಿತು. ತಾನು ಮಹಾಪುರುಷನೆಂಬ ಭ್ರಮೆಯಿಂದ ಕೈಮೀರಿ ಖರ್ಚುಮಾಡಿ ಸಾಲದಲ್ಲಿ ಬಿದ್ದನು. ಔಷಧಗಳು ಫಲಕಾರಿಯಾಗಲಿಲ್ಲ. ವಿದ್ಯುತ್ತನ್ನು ತಗ್ಗಿಸಿದರೆ ಬುದ್ಧಿಯು ತಿಳಿಯಾಗುತ್ತಿದ್ದಿತು, ದೇಹವು ಹಾಸಿಗೆಗೆ ಅಂಟುತ್ತಿದ್ದಿತು. ಹೆಚ್ಚಿಸಿದರೆ ದೇಹವು ಏಳುತ್ತಿದ್ದಿತು, ಬುದ್ಧಿಯು ಕದಡುತ್ತಿದ್ದಿತು. ಎರಡಕ್ಕೂ ನಡುವಿನ ಪ್ರಮಾಣವು ದೊರೆಯಲಿಲ್ಲ. ವೈದ್ಯರು ಯಂತ್ರವನ್ನು ನಿಲ್ಲಿಸಿ, ಬುದ್ಧಿಯು ತಿಳಿಯಾಗಿದ್ದಾಗ, ಅವನನ್ನೇ ಕೇಳಿದರು. ಯಂತ್ರವು ನಡೆಯಲಿ, ತಾನು ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿಯೇ ವಾಸಿಸುವೆನೆಂದು ಅವನು ಹೇಳಿದನು. ಹಾಗೆಯೇ ನಡೆಯಿತು.

ಈಗ ಪ್ರಶ್ನೆಯು ಸ್ಪಷ್ಟವಾಗುವುದು. ವಿದ್ಯುತ್ತು ಹರಿಯುತ್ತಿರುವಾಗ ಮಾಡುವ ಕಾರ್ಯಕ್ಕೆ ಕರ್ತೃವು ಯಾರು? ಯಂತ್ರವಿದ್ದಾಗಲೊಂದು, ಇಲ್ಲದಾಗಲೊಂದು ಮಾತನ್ನು ಆಡುವ ಮನುಷ್ಯನ ಯಾವ ಮಾತಿಗೆ ತಲೆಬಾಗಬೇಕು? ಇಂತಹ ಶಸ್ತ್ರಚಿಕಿತ್ಸೆಯನ್ನು ಉತ್ತಮಪಡಿಸುವುದೆಂದರೆ ಏನನ್ನು ಉತ್ತಮಪಡಿಸಿದಂತೆ?

ಒಂದು ಪೂರ್ವಪಕ್ಷವು ಹೀಗಿದೆ: ದೇಹವು ಒಂದು ಯಂತ್ರ, ಮಿದುಳು ಅದರ ಒಂದು ಭಾಗ. ಕೆಟ್ಟ ಯಂತ್ರವನ್ನು ಸರಿಪಡಿಸುವುದೇ ವೈದ್ಯನ ಕೆಲಸ. ಕೈ ನಿಂತರೆ, ಕಾಲು ನಡೆದರೆ ಕೆಲಸವು ಮುಗಿಯಿತು. ಸ್ವಭಾವದಲ್ಲಿ ಆಗುವ ವ್ಯತ್ಯಾಸವು ಔಷಧದ ಕಹಿಯಂತೆ ಸಹಿಸಬೇಕಾದ ದೋಷವೇ ಹೊರತು ಬೇರಲ್ಲ. ಈ ವಾದವು ಎಡವುವುದು ಒಂದೇ ಮಾತಿನಲ್ಲಿ. ಕೈ ನಿಲ್ಲಬೇಕೆಂದು ಬಯಸಿದವನು ಯಾರೋ ಅವನಿಗಾಗಿ ಕೈಯನ್ನು ನಿಲ್ಲಿಸಲಾಯಿತು. ಬಯಸಿದವನೇ ಬದಲಾಗಿಹೋದರೆ ನಿಂತ ಕೈಯನ್ನು ಯಾರಿಗೆ ಒಪ್ಪಿಸುವುದು? ಕಠೋಪನಿಷತ್ತು ಶರೀರವನ್ನು ರಥವೆಂದೂ, ಮನಸ್ಸನ್ನು ಲಗಾಮೆಂದೂ, ಬುದ್ಧಿಯನ್ನು ಸಾರಥಿಯೆಂದೂ ನಿರೂಪಿಸಿದೆ. ಗಾಲಿಯನ್ನು ಸರಿಪಡಿಸುವ ಬಡಗಿಯು ಸಾರಥಿಗೆ ಹೆಂಡವನ್ನು ಕುಡಿಸಿ ರಥವು ಚೆನ್ನಾಗಿ ಓಡುತ್ತಿದೆಯೆಂದರೆ ಯಾರೂ ಒಪ್ಪಲಾರರು.

ಇನ್ನೊಂದು ಪೂರ್ವಪಕ್ಷವು ಇದಕ್ಕೆ ವಿರುದ್ಧವಾದುದು. ಮಿದುಳು ಅಂತಃಕರಣದ ಪೀಠ. ಅಲ್ಲಿ ಮನುಷ್ಯನು ಕೈಯಿಡಬಾರದು. ಪ್ರಾರಬ್ಧದಿಂದ ಬಂದುದನ್ನು ತಾಳ್ಮೆಯಿಂದ ಅನುಭವಿಸುವುದೇ ಲೇಸು ಎಂದು ಹಿರಿಯರಲ್ಲಿ ಕೆಲವರು ಹೇಳುವುದುಂಟು. ತಾಳ್ಮೆಯು ಮಹಾಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಾಳ್ಮೆಯು ರೋಗಿಯು ತಾನಾಗಿ ಆಚರಿಸತಕ್ಕ ವ್ರತವೇ ಹೊರತು, ಪಕ್ಕದಲ್ಲಿ ಕುಳಿತವನು ಅವನ ಮೇಲೆ ಹೊರಿಸತಕ್ಕ ಹೊರೆಯಲ್ಲ. ಅಲ್ಲದೆ ಕಫಪಿತ್ತಗಳಿಗೆ ಔಷಧವನ್ನು ಕೊಡಬಹುದಾದರೆ ಈ ವಾತವಿಕಾರಕ್ಕೆ ಮಾತ್ರ ಕೊಡಬಾರದೇಕೆ? ಮನಸ್ಸನ್ನು ಮುಟ್ಟುವುದೇ ತಪ್ಪೆಂದರೆ, ರೋಗವು ಆಗಲೇ ಮನಸ್ಸನ್ನು ಮುಟ್ಟಿದೆ. ನಸುಗುನ್ನಿಯ ಬೀಜವೂ ಮುಟ್ಟುವುದು. ಮುಟ್ಟುವುದು ಹೇಗೆ ಎಂಬುದೇ ವಿಚಾರ್ಯವೇ ಹೊರತು ಮುಟ್ಟಬೇಕೇ ಬೇಡವೇ ಎಂಬುದಲ್ಲ.

ಸಿದ್ಧಾಂತಕ್ಕೆ ಯೋಗಶಾಸ್ತ್ರದ ಒಂದು ದೃಷ್ಟಾಂತವು ದಾರಿತೋರುವುದು. ಒಕ್ಕಲಿಗನು ಒಂದು ಮಡಿಯಿಂದ ಇನ್ನೊಂದು ಮಡಿಗೆ ನೀರನ್ನು ಕೈಯಿಂದ ಹೊತ್ತು ಹಾಕುವುದಿಲ್ಲ. ನಡುವಣ ಬದುವನ್ನು ಕಡಿಯುವನು, ನೀರು ತಾನೇ ಹರಿಯುವುದು. ನಿಮಿತ್ತವು ಪ್ರಕೃತಿಯನ್ನು ನೂಕುವುದಿಲ್ಲ, ತಡೆಯನ್ನು ತೆಗೆಯುವುದು ಮಾತ್ರ ಎಂದು ಪತಂಜಲಿಯ ಅಭಿಪ್ರಾಯ. ಈ ಚಿಕಿತ್ಸೆಯು ಸರಿಯಾಗಿ ನಡೆದಾಗ ಆಗುವುದೂ ಇದೇ. ಪಾರ್ಕಿನ್ಸನ್ ರೋಗದಲ್ಲಿ ಆ ಗ್ರಂಥಿಯ ಕಣಗಳು ಸೆಕೆಂಡಿಗೆ ಸುಮಾರು ೧೩ರಿಂದ ೩೦ರವರೆಗಿನ ಲಯದಲ್ಲಿ ಒಟ್ಟಾಗಿ ಮಿಡಿಯುತ್ತ, ಚಲನೆಯ ಅಪ್ಪಣೆಗಳು ಸಾಗದಂತೆ ಗದ್ದಲವೆಬ್ಬಿಸುವುವು. ತಂತಿಯ ವಿದ್ಯುತ್ತು ಕೈಯನ್ನು ಎತ್ತುವುದಿಲ್ಲ. ಆ ಗದ್ದಲವನ್ನು ಅಡಗಿಸುವುದು. ಕೈಯನ್ನು ಎತ್ತುವವನು ಮನುಷ್ಯನೇ. ಆದುದರಿಂದ ಯಂತ್ರದ ನೆರವಿನಿಂದ ಬರೆದ ಕಾಗದವೂ, ಹಿಡಿದ ಮೊಮ್ಮಗುವೂ, ಆಡಿದ ಸುಳ್ಳೂ ಅವನದೇ. ಪುಣ್ಯವೂ ಅವನದೇ, ದೋಷವೂ ಅವನದೇ. ಕನ್ನಡಕದಿಂದ ಓದಿದವನು ತಾನು ಓದಲಿಲ್ಲ, ಗಾಜು ಓದಿತು ಎನ್ನಲಾಗುವುದಿಲ್ಲವಷ್ಟೆ.

ಆದರೆ ವಿದ್ಯುತ್ತು ತಡೆಯನ್ನು ತೆಗೆಯುವುದನ್ನು ಬಿಟ್ಟು ತಾನೇ ನೂಕತೊಡಗಿದರೆ ಮಾತು ಬೇರೆಯಾಗುವುದು. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕರ್ಮಕ್ಕೆ ಐದು ಕಾರಣಗಳು ಹೇಳಲ್ಪಟ್ಟಿವೆ: ಅಧಿಷ್ಠಾನ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆಗಳು, ದೈವ. ಯಂತ್ರವು ಕರಣಗಳ ಪಂಕ್ತಿಯಲ್ಲಿ ಇರುವವರೆಗೂ ಅದಕ್ಕೆ ಗೌರವವುಂಟು. ಅದು ಕರ್ತೃವಿನ ಮಣೆಯ ಮೇಲೆ ಕುಳಿತರೆ ಅದು ಚಿಕಿತ್ಸೆಯಲ್ಲ, ಆಕ್ರಮಣ. ಹಾಲೆಂಡಿನ ಗೃಹಸ್ಥನು ಉನ್ಮಾದದಲ್ಲಿ ಮಾಡಿದ ಸಾಲಕ್ಕೆ ಅವನನ್ನು ನಿಂದಿಸುವುದು, ನಡುಗುವ ಕೈಯಿಂದ ಹಾಲನ್ನು ಚೆಲ್ಲಿದವನನ್ನು ನಿಂದಿಸಿದಂತೆಯೇ ಸರಿ.

ಈ ವಿವೇಕದಿಂದ ನೋಡಿದರೆ ಶಸ್ತ್ರಚಿಕಿತ್ಸೆಯನ್ನು ಉತ್ತಮಪಡಿಸಲು ವಿಜ್ಞಾನಿಗಳು ಮಾಡುತ್ತಿರುವ ಪ್ರಯತ್ನಗಳಿಗೆ ಕೇವಲ ಕುಶಲತೆಯ ಅರ್ಥವಲ್ಲದೆ ಧಾರ್ಮಿಕವಾದ ಅರ್ಥವೂ ಉಂಟೆಂದು ತಿಳಿಯುವುದು. ಹಿಂದಿನ ತಂತಿಗಳು ದೀಪದಂತೆ ಸುತ್ತಲೂ ವಿದ್ಯುತ್ತನ್ನು ಚೆಲ್ಲುತ್ತಿದ್ದುವು. ಈಚೆಗೆ ಬಂದಿರುವ ತಂತಿಗಳಿಂದ ಅದನ್ನು ಬೇಕಾದ ಒಂದೇ ಕಡೆಗೆ ತಿರುಗಿಸಬಹುದಾಗಿದೆ. ಮಗ್ಗುಲಿನ ಸಂಸಾರಕ್ಕೆ ತೊಂದರೆಯಾಗದಂತೆ ತನ್ನ ಮನೆಯನ್ನು ಮಾತ್ರ ಬೆಳಗುವ ಕ್ರಮವಿದು. ಮಿದುಳಿನ ಲಯವನ್ನು ತಾನೇ ಆಲಿಸಿ, ಗದ್ದಲವೆದ್ದಾಗ ಹೆಚ್ಚಾಗಿಯೂ ಇಲ್ಲದಾಗ ಕಡಮೆಯಾಗಿಯೂ ವಿದ್ಯುತ್ತನ್ನು ಕೊಡುವ ಯಂತ್ರವನ್ನು ೨೦೧೩ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳು ರೋಗಿಗಳಲ್ಲಿ ಪರೀಕ್ಷಿಸಿ ಪ್ರಕಟಿಸಿದರು. ಅಂತಹ ಯಂತ್ರಕ್ಕೆ ಅಮೆರಿಕದ ಸರಕಾರವು ೨೦೨೫ರಲ್ಲಿ ಸಮ್ಮತಿಯಿತ್ತಿತು. ಬೇಕಾದಲ್ಲಿ, ಬೇಕಾದಾಗ, ಬೇಕಾದಷ್ಟೇ—ಈ ಮಿತಿಯೇ ಇಲ್ಲಿ ಉತ್ಕರ್ಷದ ಲಕ್ಷಣ. ಯಂತ್ರವು ಎಷ್ಟು ಬಲವಾಯಿತೆಂಬುದರಿಂದಲ್ಲ, ಮನುಷ್ಯನಿಗೆ ಎಷ್ಟು ಎಡೆಬಿಟ್ಟಿತೆಂಬುದರಿಂದ ಅದರ ಹಿರಿಮೆಯನ್ನು ಅಳೆಯಬೇಕು.

ಆದರೆ ಯಂತ್ರವು ಎಷ್ಟೇ ಸೂಕ್ಷ್ಮವಾದರೂ ಯಾರ ಮಾತನ್ನು ಕೇಳಬೇಕೆಂಬ ಪ್ರಶ್ನೆಯು ಉಳಿದೇ ಇರುವುದು. ಯಂತ್ರವನ್ನು ನಿಲ್ಲಿಸಿದಾಗಿನ ಮನುಷ್ಯನೇ ನಿಜವಾದವನೆಂದು ನಿಯಮ ಮಾಡಬಹುದೆ? ಮಾಡಲಾಗದು. ಅನೇಕರಿಗೆ ಯಂತ್ರವಿಲ್ಲದಾಗ ರೋಗವೇ ವಿಷಾದವನ್ನು ತಂದೊಡ್ಡುವುದು. ಯಂತ್ರವಿದ್ದಾಗಲೇ ಅವರು ಹಿಂದಿನ ತಾವಾಗುವರು. ಹಾಗಾದರೆ ಯಂತ್ರವಿದ್ದಾಗಿನ ಸಂತೋಷವನ್ನೇ ಪ್ರಮಾಣವೆನ್ನಬಹುದೆ? ಅದೂ ಆಗದು, ವಿದ್ಯುತ್ತಿನಿಂದ ಹುಟ್ಟಿದ ಸಂತೋಷವು ವಿದ್ಯುತ್ತಿಗೆ ಸಾಕ್ಷಿ ನುಡಿಯಲಾರದು, ತಕ್ಕಡಿಯು ತನ್ನನ್ನೇ ತೂಗಿಕೊಳ್ಳಲಾರದು. ಆದುದರಿಂದ ಮೂರು ಗುರುತುಗಳನ್ನು ನೋಡಬೇಕು. ಮಾತನಾಡುವವನಿಗೆ ಕಾರ್ಯಕಾರಣಗಳನ್ನು ತೂಗಿ ನೋಡುವ ಸ್ವಾಸ್ಥ್ಯವಿದೆಯೆ? ಎರಡು ಅವಸ್ಥೆಗಳ ಅನುಭವವೂ ನೆನಪೂ ಅವನಿಗೆ ಇವೆಯೆ? ತನ್ನ ನಿರ್ಣಯದ ಭಾರವನ್ನು ತಾನು ಹೊರುವನೆ, ಇಲ್ಲವೆ ಇತರರ ಹೆಗಲಿಗೆ ಹಾಕುವನೆ?

ಹಾಲೆಂಡಿನ ಗೃಹಸ್ಥನು ಈ ಮೂರರಲ್ಲಿಯೂ ನಿಲ್ಲುವನು. ಅವನ ಬುದ್ಧಿಯು ಆಗ ತಿಳಿಯಾಗಿದ್ದಿತು. ಹಾಸಿಗೆಯ ನರಕವನ್ನೂ ಉನ್ಮಾದದ ಅಲೆದಾಟವನ್ನೂ ಅವನು ಉಂಡಿದ್ದನು. ಆಸ್ಪತ್ರೆಯ ಗೋಡೆಗಳನ್ನು ತಾನಾಗಿ ಒಪ್ಪಿಕೊಂಡು, ತನ್ನ ಉನ್ಮಾದದ ಹಾನಿಯು ಇತರರಿಗೆ ತಗುಲದಂತೆ ಮಾಡಿದನು. ಎರಡು ಕಷ್ಟಗಳ ನಡುವೆ ಸಿಕ್ಕಿದವನ ಆಯ್ಕೆಯು ಸ್ವತಂತ್ರವಾದ ಆಯ್ಕೆಯೇ ಅಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಹಾಗಾದರೆ ಆಪದ್ಧರ್ಮವೆಂಬ ಪ್ರಕರಣಕ್ಕೆ ಶಾಸ್ತ್ರದಲ್ಲಿ ಎಡೆಯೇ ಇರುತ್ತಿರಲಿಲ್ಲ. ಸುಖಗಳ ನಡುವೆ ಆರಿಸುವುದು ಸುಲಭ. ಮನುಷ್ಯನ ಸ್ವಾತಂತ್ರ್ಯವು ಬೆಳಗುವುದು ಕಷ್ಟಗಳ ನಡುವೆ ಆರಿಸುವಾಗಲೇ. ತಿಳಿಯಾದವನು ಆರಿಸಿದುದನ್ನು ಅನುಭವಿಸುವವನು ಉನ್ಮತ್ತನಲ್ಲವೆ ಎಂಬ ಇನ್ನೊಂದು ಆಕ್ಷೇಪವು ಹೆಚ್ಚು ಗುರುವಾದುದು. ಅದಕ್ಕೆ ಸಮಾಧಾನವೇನೆಂದರೆ: ಆ ನಿರ್ಣಯವನ್ನು ಕಲ್ಲಿನ ಬರಹವೆಂದು ಎಣಿಸಬಾರದು. ಕಾಲಕಾಲಕ್ಕೆ ಯಂತ್ರವನ್ನು ತಗ್ಗಿಸಿ, ತಿಳಿಯಾದವನನ್ನು ಮತ್ತೆ ಕೇಳಬೇಕು. ಈ ಚಿಕಿತ್ಸೆಯಲ್ಲಿ ಹಾಗೆ ಮತ್ತೆ ಕೇಳುವುದು ಸಾಧ್ಯ. ಸುಟ್ಟ ಮಿದುಳಿನಲ್ಲಿ ಅದು ಸಾಧ್ಯವಿರಲಿಲ್ಲ. ಹಿಂದಿರುಗಲು ದಾರಿಯಿರುವುದೇ ಇದರ ಮುಖ್ಯವಾದ ಧರ್ಮಗುಣ. ಆ ದಾರಿಯನ್ನು ಬಳಸದೆ ಮುಚ್ಚಿಬಿಟ್ಟರೆ ಗುಣವು ಇದ್ದೂ ಇಲ್ಲದಂತಾಗುವುದು.

ರೋಗಿಯೊಬ್ಬನನ್ನೇ ಕುರಿತು ಹೇಳಿದರೆ ವಿಚಾರವು ಪೂರ್ಣವಾಗುವುದಿಲ್ಲ. ೨೦೦೬ರಲ್ಲಿ ಪ್ಯಾರಿಸ್ಸಿನಿಂದ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಿಕಿತ್ಸೆಯಿಂದ ದೇಹವು ಚೆನ್ನಾಗಿ ಸುಧಾರಿಸಿದ ೨೯ ಮಂದಿಯ ಸಂಸಾರಜೀವನವನ್ನು ವಿಚಾರಿಸಲಾಯಿತು. ಮೊದಲು ಉದ್ಯೋಗದಲ್ಲಿದ್ದ ೧೬ ಮಂದಿಯಲ್ಲಿ ೯ ಮಂದಿ ಮಾತ್ರ ಕೆಲಸಕ್ಕೆ ಮರಳಿದ್ದರು; ಅನೇಕ ದಂಪತಿಗಳಲ್ಲಿ ವಿರಸವು ಹುಟ್ಟಿದ್ದಿತು. ಇದಕ್ಕೆ ವಿದ್ಯುತ್ತನ್ನೇ ದೂರಬೇಕಾಗಿಲ್ಲ. ಹತ್ತು ವರ್ಷಗಳ ಕಾಲ ಗಂಡನಿಗೆ ಗುಂಡಿಯನ್ನು ಹಾಕಿ, ತುತ್ತನ್ನಿಟ್ಟು, ರಾತ್ರಿಯಲ್ಲಿ ಮಗ್ಗುಲು ತಿರುಗಿಸಿದ ಹೆಂಡತಿಯು, ಒಂದು ದಿನ ಅವನು ತಾನೇ ಎದ್ದು ಹೊರಟುಹೋಗುವುದನ್ನು ಕಾಣುವಳು. ಅವನಿಗೆ ಕಳೆದುಹೋದ ವರ್ಷಗಳನ್ನು ಹಿಡಿಯುವ ಆತುರ. ಅವಳಿಗೆ ಈಗಲಾದರೂ ವಿಶ್ರಾಂತಿಯ ಆಸೆ. ರೋಗವು ಕಟ್ಟಿದ್ದ ಬಾಂಧವ್ಯವು ರೋಗದೊಡನೆಯೇ ಸಡಿಲವಾದರೆ, ಅದನ್ನು ಹೊಸದಾಗಿ ಹೆಣೆದುಕೊಳ್ಳುವ ಕೆಲಸವು ಮನೆಯವರೆಲ್ಲರದು. ಆದುದರಿಂದ ಶಸ್ತ್ರಕ್ರಿಯೆಗೆ ಮೊದಲೇ ವೈದ್ಯನು ರೋಗಿಯನ್ನೂ ಮನೆಯವರನ್ನೂ ಕೂರಿಸಿ, ಏನನ್ನು ಬಯಸುವಿರಿ, ಏನನ್ನು ಮಾತ್ರ ಕಳೆದುಕೊಳ್ಳಲಾರಿರಿ, ಸ್ವಭಾವವು ಬದಲಾದರೆ ಎಚ್ಚರಿಸುವವರು ಯಾರು ಎಂದು ಕೇಳಿ ಬರೆದಿಡುವುದು ಉಚಿತ. ಸ್ವಭಾವವು ಬದಲಾದುದನ್ನು ಬದಲಾದವನಿಗಿಂತ ಮೊದಲು ಕಾಣುವವರು ಒಲೆಯ ಬಳಿಯವರೇ.

ಇನ್ನೊಂದು ಹೊಣೆಯೂ ಉಂಟು. ಯಂತ್ರದ ಬೆಲೆ ಹಲವು ಲಕ್ಷ ರೂಪಾಯಿಗಳು. ಸಾಧಾರಣವಾದ ಬ್ಯಾಟರಿಯು ಕೆಲವೇ ವರ್ಷಗಳಲ್ಲಿ ತೀರುವುದು. ಆಗ ಮತ್ತೆ ಶಸ್ತ್ರಕ್ರಿಯೆ, ಮತ್ತೆ ಹಣ. ಬ್ಯಾಟರಿಯು ಒಮ್ಮೆಗೇ ನಿಂತರೆ ರೋಗವು ಒಮ್ಮೆಗೇ ಮೇಲೆ ಬೀಳುವುದು. ನೆಲವನ್ನು ಮಾರಿ ಮೊದಲ ಯಂತ್ರವನ್ನು ಕೊಂಡ ಸಂಸಾರವು ಎರಡನೆಯದಕ್ಕೆ ಏನನ್ನು ಮಾರೀತು? ತಡೆಯನ್ನು ತೆಗೆದು ನೀರನ್ನು ಹರಿಸಿದ ಮೇಲೆ, ಪೈರು ಬೆಳೆದು ನಿಂತಿರುವಾಗ, ಮತ್ತೆ ಬದುವನ್ನು ಕಟ್ಟುವುದು ಮೊದಲೇ ಹರಿಸದಿರುವುದಕ್ಕಿಂತ ಕ್ರೂರ. ಒಮ್ಮೆ ಚಿಕಿತ್ಸೆಯನ್ನು ಕೊಟ್ಟ ವೈದ್ಯನೂ, ಯಂತ್ರವನ್ನು ಮಾಡಿದವನೂ, ಸರಕಾರವೂ ಅದರ ಮುಂದುವರಿಕೆಯನ್ನು ವ್ಯಾಪಾರವೆಂದಲ್ಲ, ಕೊಟ್ಟ ಮಾತೆಂದು ತಿಳಿಯಬೇಕಾಗಿದೆ.

ಒಟ್ಟಿನಲ್ಲಿ ನಡುಕವು ಕೇವಲ ಕೈಯ ರೋಗವಲ್ಲ. ಮಾಡಬೇಕೆಂದುಕೊಂಡವನಿಗೂ ಮಾಡುವ ಕೈಗೂ ನಡುವೆ ಬಿದ್ದ ಅಡ್ಡಗಟ್ಟೆ. ಅದನ್ನು ತೆಗೆಯುವುದು ಪುಣ್ಯಕರ್ಮ. ತೆಗೆಯುವ ಕೈಯು ಮಾಡಬೇಕೆಂದುಕೊಂಡವನನ್ನೇ ತೆಗೆದುಹಾಕದಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡ ಪುಣ್ಯ. ಕೈ ನಿಂತಿತೆ ಎಂದು ವೈದ್ಯನು ಕೇಳುವುದು ಸಹಜ. ಅದರ ಜೊತೆಗೆ, ಈ ಕೈಯು ಈಗಲೂ ಇವನದೇ ಆಗಿದೆಯೆ ಎಂಬುದನ್ನೂ ಕೇಳುವವನೇ ಪೂರ್ಣನಾದ ವೈದ್ಯನು.